ತೊಟ್ಟಿಲ ಮುಂದೆ ಆಡುವ ಮಾತು: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಸುಗಳದ್ದೇ ಸುದ್ದಿ. ದಾವಣಗೆರೆ, ಹರಿಹರ, ಆ ಕಡೆ ಹೊಳಲ್ಕೆರೆ, ಹಿರಿಯೂರು, ಎಷ್ಟೊಂದು ಮನೆಗಳಲ್ಲಿ ತೊಟ್ಟಿಲು ಕಟ್ಟಿದ್ದಾರೆ ಅಂತ ಓದಿ ತುಂಬಾ ಖುಷಿಯಾಯಿತು. ಖುಷಿಯ ಹಿಂದೆಯೇ ಜಗಳಗಳೂ ಬಂದಿವೆ. ಕೂಸು ಬಂದ ಮನೆಗೆ ನೆಂಟರು ಬರುತ್ತಾರೆ, ನೆಂಟರ ಜೊತೆ ಮಾತು ಬರುತ್ತದೆ, ಮಾತಿನ ಜೊತೆ ಒಂದಿಷ್ಟು ಸಿಟ್ಟು. ಹಾಗಾಗಿ ಈ ಸಲ ಬಾಯಿ, ಕ್ಷಮೆ, ಕೂಸು ಎಲ್ಲವನ್ನೂ ಒಟ್ಟಿಗೇ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ ಎರಡನೇ ಹೆರಿಗೆ ಆಗಿ ಎರಡು ತಿಂಗಳು. ಎರಡೂ ಹೆಣ್ಣು. ಆಸ್ಪತ್ರೆಗೆ ನೋಡೋಕೆ ಬಂದ ನಮ್ಮ ಚಿಕ್ಕತ್ತೆ ಕೂಸಿನ ಮುಖ ನೋಡುವ ಮೊದಲೇ “ಮತ್ತೆ ಹೆಣ್ಣಾ? ಹೋಗ್ಲಿ ಬಿಡು, ಮುಂದಿನ ಸಲ ನೋಡೋಣ” ಅಂದುಬಿಟ್ಟರು. ವಾರ್ಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮುಂದಿನ ತಿಂಗಳು ಚರ್ಚಿನಲ್ಲಿ ಕೂಸಿನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಇಟ್ಟುಕೊಂಡಿದ್ದೇವೆ. ಯಜಮಾನರು ಅವರನ್ನೂ ಕರೆಯಲೇಬೇಕು ಅಂತಾರೆ. ನನಗೆ ಅವರ ಮುಖ ನೋಡೋಕೂ ಮನಸ್ಸಿಲ್ಲ. ಬಾಯಲ್ಲಿ ಕ್ಷಮಿಸಿದ್ದೇನೆ ಅಂತ ಹೇಳಿ ಒಳಗೆ ಕುದಿಯುತ್ತಾ ಇದ್ದರೆ ಅದು ಕ್ಷಮೆನಾ?
— ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಂಗಿ, ಮೊದಲು ನಿನ್ನ ಎರಡನೇ ಮಗಳಿಗೆ ನಮ್ಮೆಲ್ಲರ ಸ್ವಾಗತ. ಅವತ್ತು ಆಸ್ಪತ್ರೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ನಾನು ಹೇಳುತ್ತೇನೆ: ಒಳ್ಳೆಯದಾಯಿತು, ದೊಡ್ಡವಳಿಗೆ ಜೊತೆ ಸಿಕ್ಕಿತು, ಕೂಸು ನೂರು ವರ್ಷ ಬಾಳಲಿ, ನೀನು ಹೊತ್ತುಹೊತ್ತಿಗೆ ಊಟ ಮಾಡು.

ಚಿಕ್ಕತ್ತೆ ಆಡಿದ ಮಾತು ತಪ್ಪು. ಅದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಗಂಡೋ ಹೆಣ್ಣೋ ಅನ್ನುವುದು ತಂದೆಯ ಕಡೆಯಿಂದ ಎಕ್ಸ್ ಕ್ರೋಮೋಸೋಮ್ ಬರುತ್ತದೋ ವೈ ಬರುತ್ತದೋ ಅನ್ನುವುದರ ಮೇಲೆ ನಿಂತಿದೆ. ಅದರಲ್ಲಿ ತಾಯಿಯದ್ದೇನೂ ಇಲ್ಲ, ಇದು ಶಾಲೆಯ ಪಾಠದಲ್ಲೇ ಇದೆ. ಇನ್ನು ಬೈಬಲ್ಲಿಗೆ ಬಂದರೆ, ಯೋಬನ ಪುಸ್ತಕದ ಕೊನೆಯ ಅಧ್ಯಾಯವನ್ನು ನಿಮ್ಮ ಮನೆಯಲ್ಲಿ ಒಂದು ಸಂಜೆ ಗಟ್ಟಿಯಾಗಿ ಓದಿ. ಕಷ್ಟವೆಲ್ಲ ಕಳೆದ ಮೇಲೆ ಯೋಬನಿಗೆ 7 ಗಂಡು, 3 ಹೆಣ್ಣು ಮಕ್ಕಳು ಹುಟ್ಟುತ್ತಾರೆ. ಗಂಡುಮಕ್ಕಳ ಹೆಸರು ಅಲ್ಲಿ ಒಂದೂ ಇಲ್ಲ. ಹೆಣ್ಣುಮಕ್ಕಳ ಹೆಸರು ಮೂರೂ ಇವೆ: ಯೆಮೀಮ, ಕೆಚೀಯ, ಕೆರೆನ್ ಹಪ್ಪೂಕ್. ಅಪ್ಪ ಅವರಿಗೂ ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲು ಕೊಟ್ಟ ಅಂತಲೂ ಬರೆದಿದೆ. ಬೈಬಲ್ಲಿನದೇ ಅರಣ್ಯಕಾಂಡ ಅನ್ನುವ ಪುಸ್ತಕದಲ್ಲಿ ಇನ್ನೂ ಚೆನ್ನಾದ ಕಥೆ ಇದೆ. ಗಂಡುಮಕ್ಕಳಿಲ್ಲದೆ ತೀರಿಹೋದ ಚಲ್ಪಹಾದನ 5 ಜನ ಹೆಣ್ಣುಮಕ್ಕಳು ಇಸ್ರಾಯೇಲರ ನಾಯಕ ಮೋಶೆಯ ಮುಂದೆ, ಯಾಜಕರ ಮುಂದೆ, ಇಡೀ ಸಮೂಹದ ಮುಂದೆ ನಿಂತು ನಮ್ಮಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದರು. ಮೋಶೆ ದೇವರನ್ನು ಕೇಳಿದ. ಆ ಹೆಣ್ಣುಮಕ್ಕಳು ಹೇಳುವುದು ಸರಿಯಾಗಿದೆ ಅಂತ ದೇವರೇ ತೀರ್ಪು ಕೊಟ್ಟರು. ನಿನ್ನ ಮಕ್ಕಳಿಬ್ಬರಿಗೂ ಮಾತು ಬರುವ ಹೊತ್ತಿಗೆ ಈ ಕಥೆ ಬಾಯಿಪಾಠ ಆಗಿರಲಿ.

ಈಗ ನಿನ್ನ ಕ್ಷಮೆಯ ಪ್ರಶ್ನೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯವನ್ನು ಮಧ್ಯ ನಿಲ್ಲಿಸದೆ ಪೂರ್ತಿ ಓದು. ಅದು ಶುರುವಾಗುವುದೇ ಮಗುವಿನಿಂದ. ಯಾರು ದೊಡ್ಡವರು ಅಂತ ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ಎಲ್ಲರ ನಡುವೆ ನಿಲ್ಲಿಸುತ್ತಾರೆ, ಇಂಥ ಒಂದು ಮಗುವನ್ನು ನನ್ನ ಹೆಸರಿನಲ್ಲಿ ಸೇರಿಸಿಕೊಂಡವನು ನನ್ನನ್ನೇ ಸೇರಿಸಿಕೊಂಡ ಹಾಗೆ ಅನ್ನುತ್ತಾರೆ. ಸ್ವಲ್ಪ ಮುಂದೆ, 15ನೇ ವಚನದಲ್ಲಿ, ನಿನಗೆ ತಪ್ಪು ಮಾಡಿದವರ ಹತ್ತಿರ ನೀನೇ ಹೋಗಿ ಇಬ್ಬರೇ ಇರುವಾಗ ಅದನ್ನು ಹೇಳು ಅನ್ನುತ್ತಾರೆ. ಇನ್ನೂ ಮುಂದೆ ಶಿಷ್ಯ ಪೇತ್ರ ಬಂದು ಎಷ್ಟು ಸಲ ಕ್ಷಮಿಸಬೇಕು, 7 ಸಲ ಸಾಕಾ ಅಂತ ಕೇಳುತ್ತಾನೆ. ಎಪ್ಪತ್ತು ಸಲ ಏಳು ಅನ್ನುವ ಉತ್ತರ ಎಲ್ಲರಿಗೂ ಗೊತ್ತು. ಈ ಮೂರನ್ನೂ ನಾವು ಬೇರೆ ಬೇರೆ ಭಾನುವಾರದ ಪ್ರಸಂಗದಲ್ಲಿ ಕೇಳಿ ಬೇರೆ ಬೇರೆ ವಿಷಯ ಅಂದುಕೊಂಡಿದ್ದೇವೆ. ನನಗೆ ಅವು ಒಂದೇ ಅನ್ನಿಸುತ್ತದೆ. ಕೂಸನ್ನು ಮನೆಗೆ ಸೇರಿಸಿಕೊಳ್ಳುವುದು, ನೋಯಿಸಿದವರನ್ನು ಮತ್ತೆ ಸೇರಿಸಿಕೊಳ್ಳುವುದು, ಎರಡೂ ಶುರುವಾಗುವುದು ನಾವು ಬಾಯಿಬಿಟ್ಟು ಆಡುವ ಒಂದು ಮಾತಿನಿಂದ.

ಅದೇ ಅಧ್ಯಾಯದ ಸಾಲದ ಕಥೆಯಲ್ಲಿ ಒಬ್ಬ ಆಳು ರಾಜನಿಗೆ 10,000 ತಲಾಂತು ಕೊಡಬೇಕಾಗಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಲೆಕ್ಕ ಹಾಕಿದರೆ 6 ಕೋಟಿ ದಿನದ ಕೂಲಿ, ಏಳು ಜನ್ಮ ದುಡಿದರೂ ತೀರುವುದಿಲ್ಲ. ರಾಜ ಅಷ್ಟನ್ನೂ ಬಿಟ್ಟುಬಿಟ್ಟ. ಆ ಆಳಿಗೆ ಅವನ ಜೊತೆಗಾರ ಕೊಡಬೇಕಾಗಿದ್ದು 100 ದಿನದ ಕೂಲಿ, ಅದನ್ನು ಅವನು ಬಿಡಲೇ ಇಲ್ಲ. ಈ ನೂರು ದಿನದ ಕೂಲಿಯನ್ನು ಎಲ್ಲರೂ ಚಿಲ್ಲರೆ ಅಂತ ಹೇಳಿ ಮುಂದೆ ಹೋಗುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವವರನ್ನು ಕೇಳಿ ನೋಡು, ಮೂರು ತಿಂಗಳಿಗೂ ಜಾಸ್ತಿ ಕೂಲಿ ಬಾಕಿ ಉಳಿದರೆ ಅದು ಚಿಲ್ಲರೆನಾ ಅಂತ. ಅಂದರೆ ನಿನಗಾದ ನೋವು ಸಣ್ಣದು ಅಂತ ಯೇಸುಸ್ವಾಮಿ ಎಲ್ಲೂ ಹೇಳಿಲ್ಲ. ಅದು ನಿಜವಾದ ಬಾಕಿ. ಬಾಕಿ ಇದೆ ಅಂತ ಒಪ್ಪಿಕೊಂಡ ಮೇಲೆ ತಾನೇ ಅದನ್ನು ಬಿಡೋಕೆ ಬರುವುದು?

ಆದ್ದರಿಂದ ಒಳಗೆ ಕುದಿಯುತ್ತಾ ಕ್ಷಮಿಸಿದ್ದೇನೆ ಅನ್ನಬೇಡ. ದೀಕ್ಷಾಸ್ನಾನಕ್ಕೆ ಮುಂಚೆಯೇ ಒಂದು ದಿನ ಅವರನ್ನು ಮನೆಗೆ ಕರೆಸು. ಗಂಡಸರನ್ನು ಹೊರಗೆ ಕೂರಿಸಿ, ಒಳಗೆ ಇಬ್ಬರೇ ಇರುವಾಗ ನೇರವಾಗಿ ಹೇಳು: “ಅತ್ತೆ, ಅವತ್ತು ಆಸ್ಪತ್ರೆಯಲ್ಲಿ ಮತ್ತೆ ಹೆಣ್ಣಾ ಅಂದ್ರಿ. ನನಗೆ ತುಂಬಾ ನೋವಾಯ್ತು. ಇನ್ನೊಂದು ಸಲ ನನ್ನ ಮಕ್ಕಳ ಮುಂದೆ ಆ ಮಾತು ಬೇಡ. ಬನ್ನಿ, ಎತ್ಕೊಳ್ಳಿ.” ಅಷ್ಟೇ ಸಾಕು. ಆ ಕೊನೆಯ ಮಾತನ್ನು ಮಾತ್ರ ಬಿಡಬೇಡ, ಕೂಸನ್ನು ಅವರ ಕೈಗೆ ಕೊಡು. ಅವರು “ನಾನು ಸುಮ್ನೆ ಅಂದೆ ಕಣೇ” ಅನ್ನಬಹುದು. ಅಳಲೂಬಹುದು. ನಮ್ಮ ಕಡೆಯ ಎಷ್ಟೋ ಹಿರಿಯ ಹೆಂಗಸರು ತಮ್ಮ ಬಾಣಂತನದಲ್ಲಿ ಇದೇ ಮಾತು ಕೇಳಿಸಿಕೊಂಡವರು, ಅದಕ್ಕೆ ಅವತ್ತು ಅವರಿಗೆ ಯಾರೂ ಸಮಾಧಾನ ಹೇಳಿಲ್ಲ.

ಹೇಳಿದ ಮೇಲೂ ಅವರು ತಿದ್ದಿಕೊಳ್ಳದಿದ್ದರೆ? ದ್ವೇಷ ಬಿಡು, ಆದರೆ ಮಕ್ಕಳನ್ನು ಅವರ ಜೊತೆ ಜಾಸ್ತಿ ಹೊತ್ತು ಬಿಡಬೇಡ. ಎರಡೂ ಒಟ್ಟಿಗೆ ಆಗುತ್ತದೆ. ಇನ್ನೊಂದು ಮಾತನ್ನು ಎಲ್ಲ ತಂಗಿಯರಿಗೂ ಹೇಳಬೇಕು: ನಾನು ಇಲ್ಲಿ ಹೇಳುತ್ತಿರುವುದು ಬಾಯಿಂದ ಬಂದ ನೋವಿನ ವಿಷಯ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಕ್ಷಮೆಯ ಹೆಸರಲ್ಲಿ ಅಲ್ಲೇ ಕೂರಬೇಡಿ. 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ, ನಿಮ್ಮನ್ನೂ ಮಕ್ಕಳನ್ನೂ ಕಾಪಾಡಿಕೊಳ್ಳಿ.

ಪ್ರಶ್ನೆ: ಸಿಟ್ಟು ಬಂದರೆ ನನ್ನ ಬಾಯಿಗೆ ಲಂಗು ಲಗಾಮು ಇಲ್ಲ. ಮೊನ್ನೆ ಮೂರು ವರ್ಷದ ಮಗ ಬೀದಿನಾಯಿಗೆ ಕೈ ತೋರಿಸಿ “ನಿನ್ ಮನೆ ಹಾಳಾಗ” ಅಂದ. ಮನೆಯವರೆಲ್ಲ ನಕ್ಕರು. ನನಗೆ ಗಾಬರಿ. ಈಗ ಮತ್ತೆ ಬಸುರಿ. ಹೊಟ್ಟೆಯಲ್ಲಿರುವ ಕೂಸಿಗೂ ಇದೆಲ್ಲ ತಟ್ಟುತ್ತಾ?
— ಓದುಗಿ, ಹಿರಿಯೂರು

ಉತ್ತರ: ಓದಿ ನನಗೂ ನಗು ಬಂತು, ಆ ಹುಡುಗ ಕೈ ಬೇರೆ ತೋರಿಸಿದ್ದಾನೆ! ಆದರೆ ನಿನ್ನ ಗಾಬರಿಯೂ ಸರಿಯಾದದ್ದೇ. ಒಂದೇ ಬುಗ್ಗೆಯಲ್ಲಿ ಸಿಹಿ ನೀರೂ ಕಹಿ ನೀರೂ ಬರುತ್ತದಾ ಅಂತ ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇದೆ. ಅದೇ ನಾಲಿಗೆಯಿಂದ ದೇವರನ್ನು ಕೊಂಡಾಡುತ್ತೇವೆ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿರುವ ಮನುಷ್ಯರನ್ನು ಶಪಿಸುತ್ತೇವೆ, ಹೀಗಾಗಬಾರದು ಅಂತ ಅಲ್ಲಿ ಬರೆದಿದೆ. ನಿಮ್ಮ ಹಿರಿಯೂರು, ಚಳ್ಳಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಬೋರಿನ ನೀರು ಕುಡಿಯೋಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಓಣಿಗೇ ಗೊತ್ತಿರುತ್ತದೆ.

ನಿನ್ನ ಬೈಗುಳದಿಂದ ಹೊಟ್ಟೆಯಲ್ಲಿರುವ ಕೂಸಿಗೆ ಶಾಪ ತಟ್ಟುವುದಿಲ್ಲ, ಆ ಭಯ ಬಿಡು. ಅದಕ್ಕೆ ಕೇಳಿಸುವುದು ನಿಜ. ಐದಾರು ತಿಂಗಳ ಹೊತ್ತಿಗೆ ಕೂಸಿಗೆ ಶಬ್ದ ಕೇಳಿಸತೊಡಗುತ್ತದೆ, ಹುಟ್ಟಿದ ಮೇಲೆ ಅಮ್ಮನ ದನಿಯನ್ನು ಬೇರೆಯವರ ದನಿಯಿಂದ ಗುರುತಿಸುತ್ತದೆ. ಲೂಕನ ಸುವಾರ್ತೆಯ ಮೊದಲನೇ ಅಧ್ಯಾಯ ನೋಡು. ಬಸುರಿ ಎಲಿಸಬೇತಳಿಗೆ ಆರು ತಿಂಗಳು ತುಂಬುತ್ತಿರುವಾಗ ಅವಳ ನೆಂಟಳು, ಯೇಸುಸ್ವಾಮಿಯ ತಾಯಿ ಮರಿಯಮ್ಮ, ಬೆಟ್ಟದ ಸೀಮೆ ಹತ್ತಿ ಬಂದು ಬಾಗಿಲಲ್ಲಿ ವಂದನೆ ಹೇಳುತ್ತಾಳೆ. ಆ ದನಿ ಕಿವಿಗೆ ಬಿದ್ದ ಕೂಡಲೇ ಕೂಸು ಹೊಟ್ಟೆಯಲ್ಲಿ ನಲಿದಾಡಿತು ಅಂತ ಎಲಿಸಬೇತಳೇ ಹೇಳುತ್ತಾಳೆ. ಬಾಗಿಲಲ್ಲಿ ನಿಂತು ಹೇಳಿದ ಒಂದು ವಂದನೆ, ಅಷ್ಟೇ! ಅದಕ್ಕೇ ನಾನು ಬಸುರಿ ಇರುವ ಮನೆಯವರಿಗೆ ಹೇಳುವುದು, ಹೊಸಿಲು ದಾಟುವಾಗ ದನಿ ನೆಟ್ಟಗಿರಲಿ ಅಂತ.

ಬಾಯಿಗೆ ಬರುವುದನ್ನು ಪೂರ್ತಿ ತಡೆಯೋಕೆ ಆಗದಿದ್ದರೆ ಬದಲು ಮಾಡು. ನಮ್ಮ ಹಿರಿಯರ ಹತ್ತಿರ “ನಿನ್ ಹೊಟ್ಟೆ ತಣ್ಣಗಿರ”, “ನಿನ್ ಬಾಯಿಗೆ ಸಕ್ಕರೆ ಹಾಕ” ಅನ್ನುವ ಮಾತುಗಳಿವೆ. ಇವನ್ನು ಸಿಟ್ಟಿನ ದನಿಯಲ್ಲೇ ಕೂಗು, ಪರವಾಗಿಲ್ಲ. ಸಿಟ್ಟು ಹೊರಗೆ ಹೋಗುತ್ತದೆ, ಆಡಿದ ಮಾತು ಹರಕೆಯಾಗಿ ಉಳಿಯುತ್ತದೆ. ಮಗ ನಾಳೆ ಅದೇ ನಾಯಿಗೆ ಹೊಟ್ಟೆ ತಣ್ಣಗಿರಲಿ ಅಂತಾನೆ, ನೋಡುತ್ತಿರು.

ಪ್ರಶ್ನೆ: ಅಣ್ಣನ ಜೊತೆ ಮನೆ ಬಾಡಿಗೆ ವಿಷಯಕ್ಕೆ ಜಗಳ ಆಗಿ ಮಾತು ನಿಂತಿದೆ. ತಪ್ಪು ನನ್ನದೇ. ವಾಟ್ಸಾಪಲ್ಲಿ ಸಾರಿ ಅಂತ ಹಾಕಿದೆ, ಕೈ ಮುಗಿಯುವ ಚಿತ್ರವನ್ನೂ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬಂದಿಲ್ಲ. ನನ್ನ ಕಡೆಯಿಂದ ಮುಗಿಯಿತು ಅಲ್ವಾ?
— ಒಬ್ಬ ತಮ್ಮ, ಕೆಟಿಜೆ ನಗರ, ದಾವಣಗೆರೆ

ಉತ್ತರ: ಮುಗಿದಿಲ್ಲ ತಮ್ಮಾ, ಶುರುವಾಗಿದೆ. ಬೈಬಲ್ಲಿನ ಆದಿಕಾಂಡದ ಯಾಕೋಬನೂ (ಪತ್ರಿಕೆಯ ಯಾಕೋಬ ಬೇರೆ) ಅಣ್ಣ ಏಸಾವನಿಗೆ ಮೊದಲು ಬೇರೆಯವರ ಕೈಲೇ ಸುದ್ದಿ ಕಳಿಸಿದ. ಮೋಸ ಮಾಡಿ ಊರು ಬಿಟ್ಟವನು, 20 ವರ್ಷ ಮಾವನ ಮನೆಯಲ್ಲಿ ದುಡಿದು ವಾಪಸು ಬರುವಾಗ ಮುಂದೆ ಕಾಣಿಕೆ ಕಳಿಸಿದ: 200 ಆಡು, 20 ಹೋತ, 200 ಕುರಿ, 20 ಟಗರು, ಮರಿಗಳ ಸಮೇತ 30 ಒಂಟೆ, 40 ಆಕಳು, 10 ಹೋರಿ, ಮೇಲೆ ಕತ್ತೆಗಳು ಬೇರೆ. ಅಷ್ಟು ಕಳಿಸಿದ ಮೇಲೂ ಅವನು ಅಲ್ಲೇ ಕೂರಲಿಲ್ಲ. ತಾನೇ ಎದುರಿಗೆ ಹೋಗಿ 7 ಸಲ ನೆಲಕ್ಕೆ ಬಗ್ಗಿದ. ಏಸಾವ ಓಡಿ ಬಂದು ತಬ್ಬಿಕೊಂಡ, ಇಬ್ಬರೂ ಅತ್ತರು. ಆಮೇಲೆ ಏಸಾವ ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ ಆಡುಕುರಿಗಳದ್ದಲ್ಲ, ಹೆಂಗಸರು ಮಕ್ಕಳನ್ನು ನೋಡಿ, ಇವರೆಲ್ಲ ಯಾರು ಅಂತ. ದೇವರು ಕೊಟ್ಟ ಮಕ್ಕಳು ಅಂದ ಯಾಕೋಬ. ಅಷ್ಟು ವರ್ಷ ದೊಡ್ಡಪ್ಪನಿಗೆ ತಮ್ಮನ ಮಕ್ಕಳ ಮುಖವೇ ಗೊತ್ತಿರಲಿಲ್ಲ.

ನಿನ್ನ ಮೆಸೇಜು ಮುಂದೆ ಕಳಿಸಿದ ಕಾಣಿಕೆ. ಹಿಂದೆ ನೀನು ಹೋಗಬೇಕು. ಭಾನುವಾರ ಚರ್ಚ್ ಮುಗಿದ ಮೇಲೆ ಹೋಗು. ಬೆಣ್ಣೆ ದೋಸೆ ಪಾರ್ಸೆಲ್ ಕಟ್ಟಿಸಬೇಡ, ಮನೆ ತಲುಪುವಷ್ಟರಲ್ಲಿ ಮೆತ್ತಗಾಗುತ್ತದೆ. ಅಣ್ಣನನ್ನೇ ಎಬ್ಬಿಸಿಕೊಂಡು ಹೋಗಿ ಬಿಸಿಬಿಸಿಯಾಗಿ ಕೊಡಿಸು. ತಪ್ಪು ನನ್ನದು ಅನ್ನುವುದನ್ನು ದೋಸೆ ಬರುವ ಮೊದಲೇ ಹೇಳು.

ಪ್ರಶ್ನೆ: ನನಗೆ 71 ವರ್ಷ. ಮೊದಲ ಮೊಮ್ಮಗನಿಗೆ ನಮ್ಮ ತಂದೆಯ ಹೆಸರು ಇಡಬೇಕು ಅಂತ ಆಸೆ. ಮಗ ಸೊಸೆ ಬೇರೆ ಏನೋ ಹೊಸ ಹೆಸರು ಆರಿಸಿದ್ದಾರೆ. ಬೇಜಾರಾಗಿ ಮಾತು ಬಿಟ್ಟಿದ್ದೇನೆ. ಹಿರಿಯರ ಮಾತಿಗೆ ಬೆಲೆ ಇಲ್ಲವೇ?
— ಅಜ್ಜ, ಹೊಳಲ್ಕೆರೆ

ಉತ್ತರ: ಬೆಲೆ ಇದೆ ಅಜ್ಜಾ, ಅದಕ್ಕೇ ನೀವು ಮಾತು ಬಿಟ್ಟರೆ ಮನೆಗೆ ಇಷ್ಟು ಕಷ್ಟ. ಇದೇ ಜಗಳ ಲೂಕನ ಮೊದಲನೇ ಅಧ್ಯಾಯದಲ್ಲೂ ಆಗಿದೆ. ಎಂಟನೇ ದಿನ ನೆರೆಹೊರೆಯವರು, ನೆಂಟರು ಎಲ್ಲ ಸೇರಿ ಎಲಿಸಬೇತಳ ಕೂಸಿಗೆ ಅಪ್ಪನ ಹೆಸರನ್ನೇ, ಜಕರೀಯ ಅಂತಲೇ ಇಡಬೇಕು ಅಂತ ನಿಂತರು. ತಾಯಿ ಎಲಿಸಬೇತ್ ಬೇಡ, ಯೋಹಾನ ಅಂದಳು. ನಿಮ್ಮ ಕುಲದಲ್ಲಿ ಆ ಹೆಸರಿನವರು ಯಾರಿದ್ದಾರೆ ಅಂತ ಅವರ ವಾದ. ಕೊನೆಗೆ ಜಕರೀಯನನ್ನು ಸನ್ನೆಯಲ್ಲಿ ಕೇಳಿದರು. ದೇವದೂತನ ಮಾತು ನಂಬದೆ ಅಷ್ಟು ದಿನದಿಂದ ಅವನಿಗೆ ಮಾತೇ ನಿಂತಿತ್ತು. ಹಲಗೆ ತರಿಸಿಕೊಂಡು, ಅವನ ಹೆಸರು ಯೋಹಾನ ಅಂತ ಬರೆದ. ಕೂಡಲೇ ಬಾಯಿ ಬಿಟ್ಟಿತು, ಬಂದ ಮೊದಲ ಮಾತು ದೇವರ ಸ್ತುತಿ. ಹೆಂಡತಿ ಹೇಳಿದ ಹೆಸರನ್ನು ಒಪ್ಪಿಕೊಂಡ ಗಳಿಗೆಯಲ್ಲೇ ಆ ಮುದುಕನ ಮಾತು ವಾಪಸು ಬಂತು ಅನ್ನುವುದನ್ನು ನಾನು ಎಷ್ಟು ಸಲ ಓದಿದರೂ ಖುಷಿಪಡುತ್ತೇನೆ.

ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಎರಡು ಹೆಸರು ಇದ್ದೇ ಇರುತ್ತದೆ, ಚರ್ಚಿನ ರಿಜಿಸ್ಟರಿಗೆ ಒಂದು, ಮನೆಯಲ್ಲಿ ಕರೆಯೋಕೆ ಒಂದು. ಅವರು ಇಟ್ಟ ಹೆಸರು ರಿಜಿಸ್ಟರಿನಲ್ಲಿ ಇರಲಿ. ನಿಮ್ಮ ತಂದೆಯ ಹೆಸರು ಹಿಡಿದು ನೀವು ಮೊಮ್ಮಗನನ್ನು ಕರೆಯಿರಿ, ತೊಡೆಯ ಮೇಲೆ ಕೂರಿಸಿಕೊಂಡು ಮುತ್ತಜ್ಜನ ಹೊಲದ ಕಥೆ ಹೇಳಿ. ಆದರೆ ಅದಕ್ಕೆ ನೀವು ಮೊದಲು ಮಾತು ಶುರು ಮಾಡಬೇಕು. ಸೊಸೆಯ ಹತ್ತಿರವೇ ಶುರು ಮಾಡಿ, ಅವಳೇ ಜಾಸ್ತಿ ಕಾಯುತ್ತಿರುತ್ತಾಳೆ.

ಪ್ರಶ್ನೆ: ನನ್ನ ಗೆಳೆಯನಿಗೆ ಮಗು ಆಗಿದೆ. ನಾವು ಕ್ರೈಸ್ತರು, ಅವರು ಹಿಂದೂಗಳು. ನೋಡೋಕೆ ಹೋಗುವಾಗ ಏನು ಒಯ್ಯಬೇಕು, ಏನು ಮಾತಾಡಬೇಕು, ಅಲ್ಲಿ ಪ್ರಾರ್ಥನೆ ಮಾಡಬಹುದಾ?
— ಓದುಗ, ಚಿತ್ರದುರ್ಗ

ಉತ್ತರ: ಮೊದಲು ಫೋನ್ ಮಾಡು. ಕೂಸು ಬಾಣಂತಿ ಮಲಗಿರುವ ಹೊತ್ತಿಗೆ ಗುಂಪಾಗಿ ನುಗ್ಗಬೇಡಿ. ನೆಗಡಿ ಕೆಮ್ಮು ಇದ್ದರೆ ಇನ್ನೊಂದು ವಾರ ಬಿಟ್ಟು ಹೋಗು. ಒಳಗೆ ಹೋದ ಕೂಡಲೇ ಸೋಪು ಹಾಕಿ ಕೈ ತೊಳೆದುಕೋ, ಕೂಸಿನ ಮುಖಕ್ಕೆ ಮುತ್ತು ಕೊಡಬೇಡ. ಜೇನುತುಪ್ಪದ ಬಾಟ್ಲಿ ಒಯ್ಯಲೇಬೇಡ. ಮೊದಲ 6 ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ ಅಂತ ಡಾಕ್ಟರುಗಳು ಹೇಳುತ್ತಾರೆ, ಜೇನು ಅಂತೂ ಒಂದು ವರ್ಷ ತುಂಬುವ ತನಕ ಕೂಸಿಗೆ ಅಪಾಯ. ಒಯ್ಯುವುದಿದ್ದರೆ ನಿಮ್ಮ ಅಮ್ಮನ ಕೈಲಿ ಹಳೇ ಹತ್ತಿ ಸೀರೆಯ ಒಂದು ಪುಟ್ಟ ಕೌದಿ ಹೊಲಿಸಿಕೋ. ಹತ್ತಾರು ಸಲ ಒಗೆದು ಮೆತ್ತಗಾದ ಸೀರೆ, ಅಂಚಿನ ತುಂಡುಗಳನ್ನು ಮೂಲೆಗೆ ಹಾಕಿ, ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ, ಗಂಟು ಕೂಸಿನ ಮೈಗೆ ತಾಗದ ಹಾಗೆ ಒಳಗೆ. ಅಂಗಡಿಯ ಪ್ಲಾಸ್ಟಿಕ್ ಗೊಂಬೆಗಿಂತ ಅದು ಎಷ್ಟೋ ಒಳ್ಳೆಯದು. ಮನೆಯವರಿಗೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗು, ಬಾಣಂತಿಗೆ ಏನು ಕೊಡುತ್ತಿದ್ದಾರೆ ಅಂತ ಅವರ ತಾಯಿಯನ್ನು ಕೇಳಿಕೊಂಡು ಅದನ್ನು ತೆಗೆದುಕೊಂಡು ಹೋಗು.

ಮಾತಿನ ವಿಷಯ: ಬಣ್ಣ ಬೇಡ, ತೂಕ ಬೇಡ, ಹಾಲು ಸಾಕಾಗುತ್ತಿದೆಯಾ ಅಂತ ಬೇಡ, ನಾರ್ಮಲ್ಲಾ ಆಪರೇಷನ್ನಾ ಅಂತಲೂ ಬೇಡ. ತಾಯಿಗೆ ನಿದ್ದೆ ಆಗುತ್ತಿದೆಯಾ ಅಂತ ಕೇಳು. ದೇವಾಲಯದಲ್ಲಿ ಸಿಮೆಯೋನ ಅನ್ನುವ ಭಕ್ತ ಯೇಸುಕೂಸನ್ನು ಕಂಡಾಗ ಮಾಡಿದ್ದು ನೋಡು, ಕೈಗೆ ಎತ್ತಿಕೊಂಡ, ದೇವರಿಗೆ ಸ್ತೋತ್ರ ಹೇಳಿದ. ಆ ತಂದೆತಾಯಿ ಬಡವರು, ಕುರಿಮರಿ ತರೋಕೆ ಶಕ್ತಿ ಇಲ್ಲದವರು ಕೊಡುವ ಜೋಡಿ ಹಕ್ಕಿಯ ಕಾಣಿಕೆ ಅವರದ್ದು. ಸಿಮೆಯೋನ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಲ್ಲೇ ಇದ್ದ 84ರ ಅಜ್ಜಿ ಅನ್ನಳೂ ಹಾಗೆಯೇ, ಬಂದವಳೇ ದೇವರನ್ನು ಕೊಂಡಾಡಿದಳು.

ಪ್ರಾರ್ಥನೆ ಮಾಡಬಹುದು, ಕೇಳಿಕೊಂಡು ಮಾಡು. “ಕೂಸಿಗಾಗಿ ಒಂದು ನಿಮಿಷ ಪ್ರಾರ್ಥನೆ ಮಾಡ್ಲಾ?” ಅಂದರೆ ನಮ್ಮ ಕಡೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಮನಸ್ಸಿನಲ್ಲೇ ಮಾಡು, ಮುಖ ಸಣ್ಣ ಮಾಡಿಕೊಳ್ಳಬೇಡ. ಅವರ ಮನೆಯ ಅಜ್ಜಿ ದೃಷ್ಟಿ ಬೊಟ್ಟು ಇಟ್ಟರೆ ಅಲ್ಲಿ ಉಪದೇಶ ಶುರು ಮಾಡಬೇಡ. ನೀನು ಕೂಸನ್ನು ನೋಡೋಕೆ ಹೋಗಿದ್ದೀಯ.

ಪ್ರಶ್ನೆ: ಆರಾಧನೆಯ ನಡುವೆ ನನ್ನ ಮಗು ಜೋರಾಗಿ ಅಳುತ್ತದೆ. ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡುತ್ತಾರೆ. ಮಗು ದೊಡ್ಡದಾಗುವ ತನಕ ಚರ್ಚಿಗೆ ಹೋಗದೇ ಇರಲಾ?
— ಹೊಸ ತಾಯಿ, ಹರಿಹರ

ಉತ್ತರ: ಹೋಗು, ಖಂಡಿತ ಹೋಗು! ಮಕ್ಕಳನ್ನು ಹೊತ್ತು ತಂದವರನ್ನು ಶಿಷ್ಯರು ಗದರಿಸಿದಾಗ ಯೇಸುಸ್ವಾಮಿ ಸಿಟ್ಟಾಗಿದ್ದು ಶಿಷ್ಯರ ಮೇಲೆ, ಮಕ್ಕಳ ಮೇಲೆ ಅಲ್ಲ. ಅಡ್ಡಿ ಮಾಡಬೇಡಿ ಅಂದು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವಾದ ಮಾಡಿದರು. ನಿಮ್ಮ ಊರಿನ ಆರೋಗ್ಯಮಾತೆಯ ಹಬ್ಬ ಬರುವ ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ. ಕೂಸು ಹುಟ್ಟಿದ್ದಕ್ಕೇ ಇಷ್ಟು ದೊಡ್ಡ ಹಬ್ಬ ಮಾಡುವ ಊರಿನಲ್ಲಿ ಕೂಸಿನ ಅಳುವಿಗೆ ಜಾಗ ಇಲ್ಲ ಅಂದರೆ ಹೇಗೆ? ತೀರಾ ಹಟ ಮಾಡಿದಾಗ ಸ್ವಲ್ಪ ಹೊತ್ತು ಬಾಗಿಲ ಹತ್ತಿರ ನಿಂತು ಸಮಾಧಾನ ಮಾಡಿ ಮತ್ತೆ ಒಳಗೆ ಬಾ, ಮಗು ಹಾಲು ಕುಡಿಯುವ ಹೊತ್ತನ್ನು ನೋಡಿಕೊಂಡು ಮೊದಲೇ ಹೊಟ್ಟೆ ತುಂಬಿಸಿಕೊಂಡು ಹೋಗು.

ತಿರುಗಿ ನೋಡುವವರ ಕಡೆ ಒಂದು ಸಲ ನಕ್ಕು ನೋಡು, ಅರ್ಧ ಜನ ಕೂಸನ್ನು ಎತ್ತಿಕೊಳ್ಳೋಕೆ ಕೈ ಚಾಚುತ್ತಾರೆ. ಕೊಟ್ಟುಬಿಡು, ನೀನು ಎರಡು ಕೀರ್ತನೆ ಆರಾಮಾಗಿ ಹಾಡು.